ಲಂಡನ್ ನಗರದ ಸರ್ಕಾರೀ ಕಚೇರಿಗಳ ವಿಕ್ರಯ: ಈಸ್ಟ್ ಇಂಡಿಯಾ ಹೌಸಿನಿಂದ ವಾರ್ ಆಫೀಸಿನವರೆಗೆ

೧

ಕನ್ನಡದಲ್ಲಿ ‘ಕಚೇರಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢವಾಗಿವೆ. ರಾಜ್ಯಕಾರ್ಯಗಳು ನಡೆಯುವ ಮನೆಯೂ ಕಚೇರಿಯೇ. ಆ ಕಾರ್ಯಗಳನ್ನು ನಡೆಸುವ ಅಧಿಕಾರಿವರ್ಗವೂ ಕಚೇರಿಯೇ. ‘ಕಚೇರಿಯ ಬಾಗಿಲು’ ಎಂದಾಗ ಮೊದಲನೆಯ ಅರ್ಥವೂ, ‘ಕಚೇರಿಯ ಹುಕುಂ’ ಎಂದಾಗ ಎರಡನೆಯ ಅರ್ಥವೂ ತೋರುತ್ತವೆ. ಮನೆಯೂ ವರ್ಗವೂ ಸಾಮಾನ್ಯವಾಗಿ ಒಂದನ್ನೊಂದು ಬಿಟ್ಟಿರುವುದಿಲ್ಲವಾದುದರಿಂದ ಈ ಭೇದವು ವ್ಯವಹಾರದಲ್ಲಿ ಗಮನಕ್ಕೆ ಬರುವುದಿಲ್ಲ. ಸರ್ಕಾರವು ತನ್ನ ಕಚೇರಿಯ ಮನೆಯನ್ನು ವಿಕ್ರಯಿಸಲು ಹೊರಟಾಗ ಮಾತ್ರ ಅದು ಸ್ಪಷ್ಟವಾಗುತ್ತದೆ. ಆಗ ಮಾರಾಟವಾಗುವುದು ನೆಲವೂ ಗೋಡೆಗಳೂ. ಆ ಗೋಡೆಗಳೊಳಗೆ ಶೇಖರವಾಗಿದ್ದ ಕಾಗದಪತ್ರಗಳು, ಗ್ರಂಥಗಳು, ವಸ್ತುಗಳು, ಪ್ರಜೆಗಳಿಗೆ ಅಲ್ಲಿ ಇದ್ದ ಪ್ರವೇಶ ಇವುಗಳ ಗತಿಯೇನೆಂಬುದು ಕ್ರಯಪತ್ರದಲ್ಲಿ ಕಾಣುವ ವಿಷಯವಲ್ಲ.

ಈ ವಿಷಯವನ್ನು ವಿಚಾರಿಸುವುದಕ್ಕೆ ಲಂಡನ್ ನಗರಕ್ಕಿಂತ ಉತ್ತಮವಾದ ಉದಾಹರಣೆ ದೊರೆಯುವುದು ದುರ್ಲಭ. ಆ ನಗರದಲ್ಲಿ ರಾಜ್ಯಾಧಿಕಾರಕ್ಕೆ ಸೇರಿದ್ದ ದೊಡ್ಡ ದೊಡ್ಡ ಕಚೇರಿಗಳು ಕಳೆದ ನೂರ ಅರವತ್ತು ವರ್ಷಗಳಿಂದೀಚೆಗೆ ಬೇರೆಬೇರೆ ಕಾರಣಗಳಿಂದ, ಬೇರೆಬೇರೆ ಕ್ರಮಗಳಲ್ಲಿ ಪರಹಸ್ತಕ್ಕೆ ಹೋಗಿವೆ. ಅವುಗಳಲ್ಲಿ ಮೊಟ್ಟಮೊದಲು ಗಣನೆಗೆ ಬರುವ ಈಸ್ಟ್ ಇಂಡಿಯಾ ಹೌಸೆಂಬುದು ಕರ್ನಾಟಕದ ಇತಿಹಾಸಕ್ಕೆ ನೇರವಾಗಿ ಸಂಬಂಧಿಸಿದ ಮನೆ. ಆದಕಾರಣ ಇದು ಪರದೇಶದ ಒಂದು ಆಸ್ತಿವ್ಯವಹಾರದ ವೃತ್ತಾಂತ ಮಾತ್ರವಲ್ಲ. ಮೈಸೂರು ಸೀಮೆಯ ಚರಿತ್ರೆಯ ಆಕರಗಳು ಏಕೆ ಇಂದು ಇರುವಲ್ಲಿ ಇವೆ ಎಂಬ ಪ್ರಶ್ನೆಯೂ ಇದರಲ್ಲಿ ಅಡಕವಾಗಿದೆ.

೨

ಈಸ್ಟ್ ಇಂಡಿಯಾ ಕಂಪೆನಿಯವರು ೧೬೪೮ರಲ್ಲಿ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಕ್ರೇವನ್ ಹೌಸ್ ಎಂಬ ಮನೆಗೆ ಬಂದು ನೆಲಸಿದರು. ೧೭೨೬ರಿಂದ ೧೭೨೯ರವರೆಗೆ ಅದೇ ನಿವೇಶನದಲ್ಲಿ ಥಿಯೊಡೋರ್ ಜೇಕಬ್ಸನ್ ಎಂಬವನ ನಕ್ಷೆಯಂತೆ ಹೊಸ ಮನೆ ಎದ್ದಿತು. ಕಂಪೆನಿಯು ವರ್ತಕಮಂಡಲಿಯಾಗಿದ್ದುದು ದೇಶಗಳನ್ನಾಳುವ ಪ್ರಭುತ್ವವಾಗಿ ಮಾರ್ಪಟ್ಟ ಮೇಲೆ ಆ ಮನೆಯೂ ಸಾಲದೆ ಹೋಯಿತು. ೧೭೯೬ರಲ್ಲಿ ರಿಚರ್ಡ್ ಜಪ್ ಎಂಬ ಶಿಲ್ಪಿಯು ಅದನ್ನು ವಿಸ್ತರಿಸಲು ತೊಡಗಿದನು; ೧೭೯೯ರಲ್ಲಿ ಅವನು ಮೃತನಾಗಲು ಹೆನ್ರಿ ಹಾಲಂಡನು ಕೆಲಸವನ್ನು ಪೂರೈಸಿದನು. ಮುಂಭಾಗದ ಆರು ಕಂಬಗಳ ಮೇಲಿನ ತ್ರಿಕೋಣಾಕಾರದ ಶಿಖರದಲ್ಲಿ ಮೂರನೆಯ ಜಾರ್ಜ್ ದೊರೆಯು ಪೂರ್ವದೇಶಗಳ ವಾಣಿಜ್ಯವನ್ನು ರಕ್ಷಿಸುತ್ತಿರುವಂತೆ ಶಿಲ್ಪಗಳನ್ನು ನಿಲ್ಲಿಸಿದ್ದರು. ಜಪ್ ತೀರಿಹೋದ ೧೭೯೯ನೆಯ ವರ್ಷವೇ ಶ್ರೀರಂಗಪಟ್ಟಣವು ಬಿದ್ದ ವರ್ಷವೆಂಬುದನ್ನು ಕನ್ನಡಿಗರಿಗೆ ನೆನಪು ಮಾಡಿಕೊಡಬೇಕಾದುದಿಲ್ಲ.

ಈ ಮನೆಯಲ್ಲಿ ಬರವಣಿಗೆಯ ಕೆಲಸಕ್ಕಿದ್ದವರಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತರಾದವರು ಹಲವರು. ಪ್ರಬಂಧಕಾರನಾದ ಚಾರಲ್ಸ್ ಲ್ಯಾಂಬನು ೧೭೯೨ರಿಂದ ೧೮೨೫ರವರೆಗೆ ಮೂವತ್ತಮೂರು ವರ್ಷ ಇಲ್ಲಿ ಲೆಕ್ಕಪತ್ರದ ಗುಮಾಸ್ತನಾಗಿದ್ದನು. ಜೇಮ್ಸ್ ಮಿಲ್ಲನೂ, ಕಾದಂಬರಿಕಾರನಾದ ಥಾಮಸ್ ಲವ್ ಪೀಕಾಕನೂ ೧೮೧೯ರಲ್ಲಿ ಕೆಲಸಕ್ಕೆ ಸೇರಿದರು. ಜಾನ್ ಸ್ಟೂವರ್ಟ್ ಮಿಲ್ಲನು ೧೮೨೩ರಲ್ಲಿ ತನ್ನ ತಂದೆಯ ಕೈಕೆಳಗೆ ಸೇರಿ, ೧೮೫೮ರಲ್ಲಿ ಕಂಪೆನಿಯ ಆಳಿಕೆಯು ಮುಗಿಯುವವರೆಗೂ ಅಲ್ಲಿಯೇ ಇದ್ದನು. ಆಳಿಕೆಯನ್ನು ತೆಗೆಯಕೂಡದೆಂದು ಕಂಪೆನಿಯವರು ಪಾರ್ಲಿಮೆಂಟಿಗೆ ಸಲ್ಲಿಸಿದ ಬಿನ್ನವತ್ತಳೆಯನ್ನು ಬರೆದವನೂ ಅವನೇ.

ಗುಮಾಸ್ತರ ಕೋಣೆಗಳಿಗಿಂತಲೂ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಅಲ್ಲಿನ ಪುಸ್ತಕಭಂಡಾರ. ಭಗವದ್ಗೀತೆಯನ್ನು ಮೊದಲು ಇಂಗ್ಲಿಷಿಗೆ ಪರಿವರ್ತಿಸಿ ೧೭೮೫ರಲ್ಲಿ ಪ್ರಕಟಿಸಿದ ಚಾರಲ್ಸ್ ವಿಲ್ಕಿನ್ಸನು ೧೮೦೧ರಿಂದ ಅದರ ಅಧ್ಯಕ್ಷನಾಗಿದ್ದನು. ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದ ಸುಮಾರು ೨,೦೦೦ ಹಸ್ತಲಿಖಿತ ಗ್ರಂಥಗಳಲ್ಲಿ ಒಂದು ಭಾಗವು ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೂ ಮತ್ತೊಂದು ಭಾಗವು ಈ ಭಂಡಾರಕ್ಕೂ ಸೇರಿದವು. ಚಾರಲ್ಸ್ ಸ್ಟೂವರ್ಟನು ಆ ಗ್ರಂಥಗಳ ವಿವರಣಾತ್ಮಕವಾದ ಪಟ್ಟಿಯೊಂದನ್ನು ೧೮೦೯ರಲ್ಲಿ ಹೊರಡಿಸಿದನು. ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯನ್ನು ಅಳತೆಮಾಡಿಸಿ ಬರೆಯಿಸಿದ ನಕ್ಷೆಗಳೂ ಚಿತ್ರಗಳೂ ಅನೇಕವು ಇಲ್ಲಿಗೆ ಬಂದವು. ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳಲ್ಲಿ ಬುಕಾನನನು ಮಾಡಿದ ಪ್ರವಾಸದ ವರದಿಯು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದುದು ಈ ಮನೆಯ ಡೈರೆಕ್ಟರುಗಳ ಆಶ್ರಯದಲ್ಲಿಯೇ. ಟಿಪ್ಪುವಿನ ಮರದ ಹುಲಿಯನ್ನು, ಅಂದರೆ ಕೆಳಗೆ ಬಿದ್ದ ಯೂರೋಪಿಯನನ ಮೇಲೆರಗಿ, ಒಳಗಿನ ವಾದ್ಯಯಂತ್ರವನ್ನು ತಿರುಗಿಸಿದರೆ ಗರ್ಜಿಸುವ ಆ ಪ್ರಸಿದ್ಧವಾದ ಬೊಂಬೆಯನ್ನು, ೧೮೦೮ರಿಂದ ಇಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲರೂ ಅದನ್ನು ತಿರುಗಿಸಿ ನೋಡುತ್ತಿದ್ದುದರಿಂದ ಓದುವವರಿಗೆ ಗಲಾಟೆಯಾಗುತ್ತಿದ್ದಿತೆಂಬ ಆಕ್ಷೇಪಣೆಯೂ ಉಂಟಾಗಿದ್ದಿತು. ಹೀಗೆ ಆ ಮನೆಯು ಒಂದೇ ಕಾಲದಲ್ಲಿ ರಾಜ್ಯದ ಕಚೇರಿ, ದಫ್ತರಖಾನೆ, ಪುಸ್ತಕಭಂಡಾರ, ವಸ್ತುಸಂಗ್ರಹಾಲಯ ಈ ನಾಲ್ಕೂ ಆಗಿದ್ದಿತು.

೩

೧೮೫೮ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಮಾಡಿದ ಶಾಸನದಿಂದ ಕಂಪೆನಿಯ ಆಳಿಕೆಯು ಕೊನೆಗೊಂಡಿತು. ಆ ಶಾಸನದಲ್ಲಿ ಆಸ್ತಿಯ ವಿಚಾರವಾಗಿ ಹೇಳಿರುವ ಮಾತು ಗಮನಾರ್ಹವಾದುದು. ಕಂಪೆನಿಗೆ ಸೇರಿದ್ದ ನೆಲ, ಮನೆ, ಹಣ, ಸಾಮಗ್ರಿಗಳು ರಾಣಿಗೆ ಸೇರತಕ್ಕವು. ಆದರೆ ಅವನ್ನು ಇಂಡಿಯಾ ದೇಶದ ಸರ್ಕಾರದ ಕಾರ್ಯಗಳಿಗಾಗಿಯೇ ವಿನಿಯೋಗಿಸತಕ್ಕದ್ದು ಎಂಬುದೇ ಅದರ ತಾತ್ಪರ್ಯ. ಅವುಗಳನ್ನು ಮಾರುವ ಅಧಿಕಾರವನ್ನು ಸಮಾಲೋಚನಸಭೆಯಿಂದ ಕೂಡಿದ ಇಂಡಿಯಾ ಮಂತ್ರಿಗೆ ಕೊಟ್ಟಿದ್ದಿತು. ಆದುದರಿಂದ ಲೆಡನ್‌ಹಾಲ್ ಬೀದಿಯ ಮನೆಯು ಇಂಗ್ಲೆಂಡಿನ ಬೊಕ್ಕಸದ ಆಸ್ತಿಯಾಗದೆ, ಇಂಡಿಯಾದ ಲೆಕ್ಕದಲ್ಲಿ ಲಂಡನ್ನಿನಲ್ಲಿದ್ದ ಆಸ್ತಿಯಾಯಿತು.

ಹೊಸದಾಗಿ ಏರ್ಪಟ್ಟ ಇಂಡಿಯಾ ಮಂತ್ರಿಯ ಇಲಾಖೆಯು ಪಾರ್ಲಿಮೆಂಟಿನ ಸಮೀಪದಲ್ಲಿ, ಇತರ ಮಂತ್ರಿಗಳ ಕಚೇರಿಗಳ ನೆರೆಯಲ್ಲಿ ಇರಬೇಕೆಂದು ಅಧಿಕಾರಿಗಳು ನಿಶ್ಚಯಿಸಿದರು. ವರ್ತಕರ ಪೇಟೆಯ ನಡುವೆ ಇದ್ದ ಹಳೆಯ ಮನೆಯು ಈ ಕೆಲಸಕ್ಕೆ ದೂರವಾಗಿದ್ದಿತು. ಇಲಾಖೆಯು ಮೊದಲು ವಿಕ್ಟೋರಿಯಾ ಬೀದಿಯ ವೆಸ್ಟ್‌ಮಿನ್‌ಸ್ಟರ್ ಪ್ಯಾಲೆಸ್ ಹೋಟೆಲಿನ ಒಂದು ಭಾಗವನ್ನು ಬಾಡಿಗೆಗೆ ಹಿಡಿಯಿತು. ಈಸ್ಟ್ ಇಂಡಿಯಾ ಹೌಸು ೧೮೬೧ರಲ್ಲಿ ಮಾರಾಟವಾಯಿತು. ಕೊಂಡವರು ಅದನ್ನು ಕೂಡಲೆ ಕೆಡವಲು ತೊಡಗಿ ಮಾರನೆಯ ವರ್ಷದ ಹೊತ್ತಿಗೆ ನಿವೇಶನವನ್ನು ಬರಿದುಮಾಡಿದರು. ಒಂದೂಕಾಲು ಶತಮಾನಕ್ಕೂ ಮೀರಿ ನಿಂತಿದ್ದ ಮನೆಯನ್ನು ತೆಗೆಯುವುದಕ್ಕೆ ಒಂದೆರಡು ವರ್ಷ ಸಾಕಾಯಿತು. ಪುರಾತನ ಸ್ಮಾರಕಗಳ ರಕ್ಷಣೆಗಾಗಿ ಇಂಗ್ಲೆಂಡಿನಲ್ಲಿ ಮೊದಲನೆಯ ಶಾಸನವಾದುದು ೧೮೮೨ರಲ್ಲಿ. ಆದಕಾರಣ ೧೮೬೧ರಲ್ಲಿ ಮಾರುವವರಿಗಾಗಲಿ ಕೊಳ್ಳುವವರಿಗಾಗಲಿ ಯಾವ ನಿರ್ಬಂಧವೂ ಇರಲಿಲ್ಲ.

ಉಳಿದವುಗಳು ಯಾವುವು, ಉಳಿಯದವು ಯಾವುವು ಎಂಬುದನ್ನು ನೋಡಿದರೆ ಆ ಕಾಲದ ಅಧಿಕಾರಿಗಳ ದೃಷ್ಟಿಯು ವ್ಯಕ್ತವಾಗುತ್ತದೆ. ಡೈರೆಕ್ಟರುಗಳ ಸಭಾಮಂದಿರದಲ್ಲಿದ್ದ ರಿಸ್‌ಬ್ರ್ಯಾಕ್ ಎಂಬ ಶಿಲ್ಪಿಯ ಅಮೃತಶಿಲೆಯ ಅಗ್ಗಿಷ್ಟಿಕೆಯ ಚೌಕಟ್ಟನ್ನು ಜೋಪಾನವಾಗಿ ಬಿಚ್ಚಿ ತೆಗೆದರು. ಪೂರ್ವದೇಶಗಳು ತಮ್ಮ ಐಶ್ವರ್ಯವನ್ನು ಬ್ರಿಟಾನಿಯಾ ದೇವಿಗೆ ಕಾಣಿಕೆಯಾಗಿ ಒಪ್ಪಿಸುತ್ತಿರುವಂತೆ ಸ್ಪಿರಿಡಿಯೋನ್ ರೋಮಾ ಎಂಬವನು ೧೭೭೮ರಲ್ಲಿ ಬರೆದಿದ್ದ ಮೇಲ್ಚಾವಣಿಯ ಚಿತ್ರವನ್ನೂ ಹಾಗೆಯೇ ಇಳಿಸಿಕೊಂಡರು. ಇವೆರಡೂ ವೈಟ್‌ಹಾಲಿನ ಹೊಸ ಇಂಡಿಯಾ ಆಫೀಸಿಗೆ ಸಾಗಿ ಈಗಲೂ ಆ ಕಟ್ಟಡದಲ್ಲಿವೆ. ಇದಕ್ಕೆ ವಿರುದ್ಧವಾಗಿ, ನಿರುಪಯುಕ್ತವೆಂದು ತೋರಿದ ಹಳೆಯ ದಫ್ತರಗಳ ದೊಡ್ಡ ರಾಶಿಗಳನ್ನು ೧೮೫೮ರ ಅನಂತರದ ಒಂದೆರಡು ವರ್ಷಗಳಲ್ಲಿ ರದ್ದಿ ಕಾಗದವಾಗಿ ವಿಲೇವಾರಿಮಾಡಿದರು. ಆ ರಾಶಿಗಳಲ್ಲಿ ಎಷ್ಟು ಪತ್ರಗಳು ದಕ್ಷಿಣದೇಶಕ್ಕೆ ಸಂಬಂಧಿಸಿದ್ದವೆಂಬುದನ್ನು ಹೇಳಲು ಈಗ ಸಾಧನವಿಲ್ಲ. ನಷ್ಟದ ಸ್ವರೂಪವೇ ಅಂತಹದು. ಮನೆಯನ್ನು ಕೆಡವಿದರೆ ಅದರ ಚಿತ್ರವಾದರೂ ಉಳಿಯುತ್ತದೆ. ಪಟ್ಟಿಮಾಡದೆ ನಾಶಪಡಿಸಿದ ಕಾಗದಕ್ಕೆ, ಅದು ಇದ್ದಿತೆಂಬುದಕ್ಕೆ ಸಹ, ಗುರುತು ಉಳಿಯುವುದಿಲ್ಲ.

ವಸ್ತುಸಂಗ್ರಹಾಲಯದ ಗತಿಯು ಅಲೆಮಾರಿಯ ಗತಿಯಾಯಿತು. ಅದು ೧೮೬೧ರಲ್ಲಿ ವೈಟ್‌ಹಾಲಿನ ಫೈಫ್ ಹೌಸಿಗೂ, ಅಲ್ಲಿಂದ ಇಂಡಿಯಾ ಆಫೀಸಿಗೂ, ಅಲ್ಲಿಂದ ಸೌತ್ ಕೆನ್ಸಿಂಗ್‌ಟನ್ನಿಗೂ ಸಾಗಿ, ೧೮೭೯ರಲ್ಲಿ ಹಂಚಿಹೋಯಿತು. ಟಿಪ್ಪುವಿನ ಹುಲಿಯು ಮುಂದೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮೆಂದು ಹೆಸರಾದ ಸಂಸ್ಥೆಯ ಪಾಲಿಗೆ ಬಂದಿತು. ಲೆಡನ್‌ಹಾಲ್ ಬೀದಿಯ ನಿವೇಶನವಾದರೋ ೧೯೨೦ರ ದಶಕದಲ್ಲಿ ಲಾಯ್ಡ್ಸ್ ಎಂಬ ವಿಮಾವರ್ತಕರ ಸಂಸ್ಥೆಗೆ ನೆಲೆಯಾಯಿತು. ರಿಚರ್ಡ್ ರೋಜರ್ಸನ ನಕ್ಷೆಯಂತೆ ಅವರು ಕಟ್ಟಿಸಿದ, ೧೯೮೬ರಲ್ಲಿ ಪೂರ್ಣವಾದ ಉಕ್ಕು ಗಾಜುಗಳ ಕಟ್ಟಡವು ಇಂದು ಅಲ್ಲಿದೆ.

೪

ವಿಕ್ರಯದ ಹಣದ ವಿಚಾರವನ್ನು ಪ್ರತ್ಯೇಕವಾಗಿ ನೋಡಬೇಕು. ಹಳೆಯ ಮನೆಯು ಇಂಡಿಯಾದ ಲೆಕ್ಕಕ್ಕೆ ಸೇರಿದ್ದಂತೆಯೇ ಹೊಸ ಇಂಡಿಯಾ ಆಫೀಸಿನ ಖರ್ಚೂ ಇಂಡಿಯಾದ ಹುಟ್ಟುವಳಿಯ ಮೇಲೆಯೇ ಬಿದ್ದಿತು. ಜಾರ್ಜ್ ಗಿಲ್ಬರ್ಟ್ ಸ್ಕಾಟನೂ ಮ್ಯಾಥ್ಯೂ ಡಿಗ್ಬಿ ವಯಟನೂ ನಿರ್ಮಿಸಿದ ಆ ಭವ್ಯ ಕಟ್ಟಡವು ೧೮೬೭ರಲ್ಲಿ ಪೂರ್ಣವಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ತುರ್ಕಿಯ ಸುಲ್ತಾನನ ಗೌರವಾರ್ಥವಾಗಿ ಅದರ ಅಂಗಳದಲ್ಲಿ ನಡೆದ ವೈಭವದ ನೃತ್ಯೋತ್ಸವದ ವೆಚ್ಚವನ್ನೂ ಇಂಡಿಯಾದ ಲೆಕ್ಕಕ್ಕೆ ಬರೆದರು. ಒರಿಸ್ಸಾದಲ್ಲಿ ೧೮೬೬ರ ಘೋರವಾದ ಕ್ಷಾಮವು ಕಳೆದು ಆಗ ಬಹುಕಾಲವಾಗಿರಲಿಲ್ಲ. ಇಂಡಿಯಾ ಮಂತ್ರಿಯ ಸಂಬಳವನ್ನು ಇಂಗ್ಲೆಂಡಿನ ಬೊಕ್ಕಸದಿಂದ ಕೊಡಬೇಕೆಂಬ ಏರ್ಪಾಡು ೧೯೧೯ರ ಶಾಸನದವರೆಗೂ ಆಗಲಿಲ್ಲ.

ಈ ಹುಟ್ಟುವಳಿಯಲ್ಲಿ ಕನ್ನಡನಾಡಿನ ಪಾಲೂ ಇದ್ದಿತು. ಧಾರವಾಡ, ಬಳ್ಳಾರಿ, ಕನ್ನಡ ಜಿಲ್ಲೆಗಳ ಭೂಕಂದಾಯವು ನೇರವಾಗಿ ಅದಕ್ಕೆ ಸೇರುತ್ತಿದ್ದಿತು. ೧೭೯೯ರ ಕೌಲಿನಂತೆ ಮೈಸೂರು ಸಂಸ್ಥಾನವು ವರ್ಷಂಪ್ರತಿ ಸಲ್ಲಿಸಬೇಕಾಗಿದ್ದ ಏಳು ಲಕ್ಷ ಸ್ಟಾರ್ ಪಗೋಡಗಳ ಪೊಗದಿಯೂ ಅದರಲ್ಲಿ ಕೂಡುತ್ತಿದ್ದಿತು. ಲಂಡನ್ನಿನಲ್ಲಿ ಒಂದು ಕಚೇರಿಯನ್ನು ಮಾರಿ ಇನ್ನೊಂದನ್ನು ಕಟ್ಟಿದ ವ್ಯವಹಾರದಲ್ಲಿ ಕೊಪ್ಪಳ, ಕೋಲಾರಗಳ ರೈತನೂ ತಿಳಿಯದೆಯೇ ಪಾಲುದಾರನಾಗಿದ್ದನೆಂದು ಹೇಳಿದರೆ ಅತಿಶಯೋಕ್ತಿಯೆನಿಸಬಹುದು. ಕೊಪ್ಪಳವು ನಿಜಾಮನ ಸೀಮೆಯಾಗಿದ್ದುದರಿಂದ ಅದರ ಮಟ್ಟಿಗೆ ಆ ಮಾತು ಸಲ್ಲುವುದೂ ಇಲ್ಲ. ಕೋಲಾರದ ಮಟ್ಟಿಗೆ ಅದು ಲೆಕ್ಕದ ಮಾತೇ ಸರಿ. ಮಾರುವ ಅಧಿಕಾರವು ಒಬ್ಬರ ಕೈಯಲ್ಲಿಯೂ ಆಸ್ತಿಯ ಭಾರವು ಇನ್ನೊಬ್ಬರ ತಲೆಯ ಮೇಲೆಯೂ ಇದ್ದುದು ಈ ಮೊದಲನೆಯ ವಿಕ್ರಯದ ವಿಶೇಷ ಲಕ್ಷಣವಾಗಿದೆ.

ಇಂಡಿಯಾ ಆಫೀಸು ೧೯೪೭ರ ಆಗಸ್ಟಿನಲ್ಲಿ ಇಲಾಖೆಯಾಗಿ ಮುಗಿಯಿತು. ಅದರ ಪುಸ್ತಕಭಂಡಾರಕ್ಕಾಗಿ ಭಾರತವೂ ಪಾಕಿಸ್ತಾನವೂ ಹಕ್ಕನ್ನು ಮುಂದಿಟ್ಟುವು. ಆ ಚರ್ಚೆಯು ತೀರ್ಮಾನಕ್ಕೆ ಬರಲಿಲ್ಲ. ಗ್ರಂಥಗಳೂ ದಫ್ತರಗಳೂ ೧೯೮೨ರಲ್ಲಿ ಬ್ರಿಟಿಷ್ ಲೈಬ್ರರಿಯ ಅಧೀನಕ್ಕೆ ಬಂದವು; ಶ್ರೀರಂಗಪಟ್ಟಣದ ಗ್ರಂಥಗಳನ್ನೂ ಮೆಕೆಂಜಿಯ ನಕ್ಷೆಗಳನ್ನೂ ನೋಡಬೇಕಾದವರು ಈಗ ಹೋಗಬೇಕಾದುದು ಅಲ್ಲಿಗೆ. ಕಟ್ಟಡದ ವಿಷಯದಲ್ಲಿ, ವಿದೇಶಾಂಗ ಕಚೇರಿಯೊಡನೆ ಅದನ್ನೂ ಕೆಡವಬೇಕೆಂಬ ಸಲಹೆಯು ೧೯೬೦ರ ದಶಕದಲ್ಲಿ ಹೊರಟು, ೧೯೬೫ರಲ್ಲಿ ಲೆಸ್ಲಿ ಮಾರ್ಟಿನ್ ಎಂಬ ಶಿಲ್ಪಿಯು ಆ ಪ್ರದೇಶಕ್ಕೆಲ್ಲ ಹೊಸ ನಕ್ಷೆಯನ್ನು ಸಿದ್ಧಪಡಿಸಿದನು. ಜನಾಭಿಪ್ರಾಯವು ವಿರುದ್ಧವಾಗಿದ್ದುದರಿಂದ ಅದು ಕಾರ್ಯರೂಪಕ್ಕೆ ಬರಲಿಲ್ಲ. ಕಟ್ಟಡವು ಪ್ರಥಮದರ್ಜೆಯ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿತು. ನೂರು ವರ್ಷಗಳ ಹಿಂದೆ ಲೆಡನ್‌ಹಾಲ್ ಬೀದಿಯಲ್ಲಿ ಆದುದು ವೈಟ್‌ಹಾಲಿನಲ್ಲಿ ಆಗದಂತೆ ತಡೆದ ಶಕ್ತಿಗಳು ಎರಡು: ಜನರ ಮಾತು ಒಂದು, ಕಟ್ಟಡಗಳನ್ನು ಪಟ್ಟಿಗೆ ಸೇರಿಸಲು ೧೯೪೭ರ ನಗರನಿರ್ಮಾಣ ಶಾಸನವು ಕೊಟ್ಟ ಅವಕಾಶ ಇನ್ನೊಂದು.

೫

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಡೆದ ವಿಕ್ರಯಗಳಲ್ಲಿ ಮುಖ್ಯವಾದುದು ಕೌಂಟಿ ಹಾಲೆಂಬ ಕಟ್ಟಡದ್ದು. ಥೇಮ್ಸ್ ನದಿಯ ದಕ್ಷಿಣದ ದಡದಲ್ಲಿ, ಪಾರ್ಲಿಮೆಂಟ್ ಭವನಕ್ಕೆ ನದಿಯಾಚೆ ಎದುರಾಗಿ, ಲಂಡನ್ ನಗರದ ಆಡಳಿತಸಭೆಗಾಗಿ ರಾಲ್ಫ್ ನಾಟ್ ಎಂಬ ಶಿಲ್ಪಿಯು ಇದನ್ನು ನಿರ್ಮಿಸಿದನು. ೧೯೧೧ರಲ್ಲಿ ತೊಡಗಿದ ಕೆಲಸವು ಮೊದಲನೆಯ ಮಹಾಯುದ್ಧದ ದೆಸೆಯಿಂದ ತಡವಾಗಿ, ೧೯೨೨ರಲ್ಲಿ ಐದನೆಯ ಜಾರ್ಜ್ ದೊರೆಯಿಂದ ಪ್ರಾರಂಭೋತ್ಸವವು ನಡೆಯಿತು. ೧೯೬೫ರಿಂದ ಅಲ್ಲಿ ಕೂಡುತ್ತಿದ್ದ ಗ್ರೇಟರ್ ಲಂಡನ್ ಕೌನ್ಸಿಲು ಮಾರ್ಗರೆಟ್ ಥ್ಯಾಚರಳ ಸರ್ಕಾರದೊಡನೆ ವಿರೋಧ ಕಟ್ಟಿಕೊಂಡು ೧೯೮೬ರ ಮಾರ್ಚ್ ೩೧ರಂದು ರದ್ದಾಯಿತು. ಆಸ್ತಿಯನ್ನು ವಿಲೇವಾರಿಮಾಡಲು ಲಂಡನ್ ರೆಸಿಡ್ಯೂರಿ ಬಾಡಿ ಎಂಬ ಮಂಡಲಿಯು ಏರ್ಪಟ್ಟಿತು. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸೆಂಬ ವಿದ್ಯಾಸಂಸ್ಥೆಯು ಕಟ್ಟಡವನ್ನು ತನಗೆ ಕೊಡಬೇಕೆಂದು ಕೇಳಿಕೊಂಡರೂ ಅದು ಕೈಗೂಡದೆ, ೧೯೯೩ರಲ್ಲಿ ಶಿರಯಾಮ ಎಂಬ ಜಪಾನೀ ಸಂಸ್ಥೆಗೆ ೬ ಕೋಟಿ ಪೌಂಡುಗಳಿಗೆ ಮಾರಾಟವಾಯಿತು.

ರಕ್ಷಿತ ಕಟ್ಟಡವಾಗಿದ್ದುದರಿಂದ ಕೌಂಟಿ ಹಾಲು ನೆಲಸಮವಾಗಲಿಲ್ಲ. ಅದರೊಳಗೆ ಹೋಟೆಲುಗಳೂ, ೧೯೯೭ರಲ್ಲಿ ಮತ್ಸ್ಯಾಲಯವೂ ಬಂದು ಸೇರಿದವು. ನಗರದ ಪ್ರತಿನಿಧಿಗಳು ವಾದಮಾಡುತ್ತಿದ್ದ ಅಷ್ಟಕೋಣಾಕಾರದ ಸಭಾಮಂದಿರವು ೨೦೧೭ರಿಂದ ಅಗಾಥಾ ಕ್ರಿಸ್ಟಿಯ ನ್ಯಾಯಸ್ಥಾನದ ನಾಟಕವೊಂದಕ್ಕೆ ರಂಗಸ್ಥಳವಾಯಿತು. ರೂಪವು ಉಳಿದು ಪ್ರಯೋಜನವು ಬದಲಾಯಿತೆಂದು ಇದನ್ನು ಸಂಗ್ರಹಿಸಬಹುದು.

ಆದರೆ ಈ ವಿಕ್ರಯದ ಪಾಠವು ಅಷ್ಟಕ್ಕೇ ಮುಗಿಯುವುದಿಲ್ಲ. ಸತ್ತಿತೆಂದು ಎಣಿಸಿದ್ದ ನಗರಾಡಳಿತವು ಹದಿನಾಲ್ಕು ವರ್ಷಗಳ ಅನಂತರ, ೨೦೦೦ದಲ್ಲಿ, ಮೇಯರನಿಂದ ಕೂಡಿದ ಹೊಸ ರೂಪದಲ್ಲಿ ಪುನಃ ಹುಟ್ಟಿತು. ಆಗ ಅದಕ್ಕೆ ಕೂಡಲು ಸ್ವಂತ ಮನೆಯಿರಲಿಲ್ಲ. ನಾರ್ಮನ್ ಫಾಸ್ಟರನ ನಕ್ಷೆಯಂತೆ ಗೋಪುರಸೇತುವೆಯ ಬಳಿ ನಿರ್ಮಿತವಾದ ಸಿಟಿ ಹಾಲನ್ನು ೨೦೦೨ರಿಂದ ಖಾಸಗೀ ಒಡೆಯರಿಗೆ ಬಾಡಿಗೆ ತೆತ್ತು ಉಪಯೋಗಿಸಬೇಕಾಯಿತು. ಬಾಡಿಗೆಯ ಭಾರವನ್ನು ತಾಳಲಾರದೆ ೨೦೨೧ರ ಕೊನೆಯಲ್ಲಿ ಅದನ್ನೂ ಬಿಟ್ಟು, ನಗರದ ಪೂರ್ವಕ್ಕೆ ಹಡಗುಕಟ್ಟೆಗಳ ಪ್ರದೇಶದಲ್ಲಿರುವ ಕ್ರಿಸ್ಟಲ್ ಎಂಬ ಕಟ್ಟಡಕ್ಕೆ ಹೊರಟುಹೋಯಿತು. ರಾಜ್ಯಾಂಗಗಳ ಆಯುಸ್ಸನ್ನು ನಿರ್ಣಯಿಸುವುದು ರಾಜಕೀಯ ಪಕ್ಷಗಳ ಏಳುಬೀಳು; ಕಟ್ಟಡವನ್ನಾದರೋ ಒಮ್ಮೆ ಕೊಟ್ಟ ಮೇಲೆ ಮರಳಿ ಪಡೆಯುವಂತಿಲ್ಲ. ಕಚೇರಿಯೆಂಬ ವರ್ಗವು ಸತ್ತಿತೆಂದು ಕಚೇರಿಯೆಂಬ ಮನೆಯನ್ನು ಮಾರುವವರು ವರ್ಗವು ಪುನಃ ಹುಟ್ಟಬಹುದೆಂಬುದನ್ನು ಎಣಿಕೆಗೆ ತರುವುದಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

೬

ಇಲ್ಲಿ ಹೇಳಿದ ಎರಡೂ ವಿಕ್ರಯಗಳಲ್ಲಿ ಒಡೆತನವು ಸಂಪೂರ್ಣವಾಗಿ ಕೈಬಿಟ್ಟುಹೋಯಿತು. ಇದಲ್ಲದೆ ಬೇರೆ ಕ್ರಮಗಳೂ ಈಚೆಗೆ ರೂಢಿಗೆ ಬಂದಿವೆ. ಮನೆಯನ್ನು ಮಾರಿ, ಕೊಂಡವರಿಗೇ ಬಾಡಿಗೆ ಕೊಟ್ಟು ಅದರಲ್ಲಿಯೇ ಮುಂದುವರಿಯುವುದು ಒಂದು ಕ್ರಮ. ೨೦೦೧ರಲ್ಲಿ ಇಂಗ್ಲೆಂಡಿನ ಕಂದಾಯ ಮತ್ತು ಸುಂಕದ ಇಲಾಖೆಗಳು ಲಂಡನ್ನಿನಲ್ಲಿಯೂ ದೇಶದ ಇತರ ಊರುಗಳಲ್ಲಿಯೂ ಇದ್ದ ಸುಮಾರು ೬೦೦ ಕಟ್ಟಡಗಳನ್ನು ಮ್ಯಾಪಲಿ ಎಂಬ ಸಂಸ್ಥೆಗೆ ಒಪ್ಪಿಸಿ, ಇಪ್ಪತ್ತು ವರ್ಷಗಳ ಕರಾರು ಮಾಡಿಕೊಂಡುವು. ಆಸ್ತಿಯನ್ನು ಪಡೆದ ಕಂಪೆನಿಯು ತೆರಿಗೆಯ ಸೌಲಭ್ಯಕ್ಕೆ ಹೆಸರಾದ ಬರ್ಮುಡಾ ದ್ವೀಪದಲ್ಲಿ ನೋಂದಣಿಯಾಗಿದ್ದುದು ಅನಂತರ ಬಯಲಾಯಿತು. ತೆರಿಗೆ ವಸೂಲುಮಾಡುವ ಇಲಾಖೆಯ ಮನೆಗಳೇ ತೆರಿಗೆಯ ಕೈಗೆಟುಕದ ಒಡೆಯನಿಗೆ ಸೇರಿದುವೆಂಬ ಕಾರಣದಿಂದ ಪಾರ್ಲಿಮೆಂಟಿನಲ್ಲಿ ಕಟುವಾದ ಟೀಕೆಗಳು ಹೊರಟುವು. ಈ ಕ್ರಮದಲ್ಲಿ ಕಚೇರಿಯು ಕದಲುವುದಿಲ್ಲವಾದುದರಿಂದ ಹೊರಗಿನವರಿಗೆ ಏನೂ ಆದಂತೆ ತೋರುವುದಿಲ್ಲ; ಒಡೆಯನಾಗಿದ್ದ ಸರ್ಕಾರವು ಒಕ್ಕಲಾಗಿರುತ್ತದೆ.

ದೀರ್ಘಕಾಲದ ಗುತ್ತಿಗೆಯು ಮತ್ತೊಂದು ಕ್ರಮ. ಇದಕ್ಕೆ ವೈಟ್‌ಹಾಲಿನ ಹಳೆಯ ವಾರ್ ಆಫೀಸು ನಿದರ್ಶನ. ವಿಲಿಯಂ ಯಂಗನು ನಕ್ಷೆ ಮಾಡಿ, ೧೯೦೦ದಲ್ಲಿ ಅವನು ಮೃತನಾದ ಮೇಲೆ ಮಗನಾದ ಕ್ಲೈಡ್ ಯಂಗನು ನಡೆಸಿದ ಈ ಕಟ್ಟಡವು ೧೯೦೬ರಲ್ಲಿ ಪೂರ್ಣವಾಯಿತು. ಅದರಲ್ಲಿ ಸುಮಾರು ಸಾವಿರ ಕೋಣೆಗಳೂ ಎರಡು ಮೈಲಿಗಳನ್ನು ಮೀರುವ ಓಣಿಗಳೂ ಇದ್ದುವು. ಇಂಡಿಯಾದಲ್ಲಿ ಸರ್ವಸೇನಾಧಿಪತಿಯಾಗಿದ್ದ ಕಿಚನರನು ೧೯೧೪ರಿಂದ ೧೯೧೬ರವರೆಗೂ, ಅವನ ಅನಂತರದ ಕಾಲದಲ್ಲಿ ಚರ್ಚಿಲನೂ ಯುದ್ಧಮಂತ್ರಿಗಳಾಗಿ ಇಲ್ಲಿ ಕುಳಿತಿದ್ದರು. ೧೯೬೪ರಲ್ಲಿ ಯುದ್ಧ ಇಲಾಖೆಯು ರಕ್ಷಣಾ ಇಲಾಖೆಯಲ್ಲಿ ಲೀನವಾದ ಮೇಲೂ ಕಟ್ಟಡವು ಆ ಇಲಾಖೆಯ ಉಪಯೋಗದಲ್ಲಿದ್ದಿತು. ೨೦೧೪ರಲ್ಲಿ ಪ್ರಕಟವಾಗಿ ೨೦೧೬ರಲ್ಲಿ ಪೂರ್ಣವಾದ ವ್ಯವಹಾರದಂತೆ ೨೫೦ ವರ್ಷಗಳ ಗುತ್ತಿಗೆಯು ೩೫ ಕೋಟಿ ಪೌಂಡುಗಳಿಗೆ ಮೇಲ್ಪಟ್ಟ ಹಣಕ್ಕೆ ಹಿಂದೂಜಾ ಸಂಸ್ಥೆಗೂ ಅದರ ಸ್ಪೇನ್ ದೇಶದ ಸಹಭಾಗಿಗೂ ದೊರೆಯಿತು. ೨೦೨೩ರಲ್ಲಿ ಅದು ರ‍್ಯಾಫಲ್ಸ್ ಹೋಟೆಲಾಗಿಯೂ ಶ್ರೀಮಂತರ ನಿವಾಸಗಳಾಗಿಯೂ ತೆರೆಯಿತು. ಹಿಂದೂಜಾ ಮನೆತನದವರು ಸಿಂಧಪ್ರಾಂತದ ಶಿಕಾರಪುರದ ಮೂಲದವರೆಂಬುದರಿಂದ ಇದನ್ನು ಇತಿಹಾಸದ ಪ್ರತೀಕಾರವೆಂದು ವರ್ಣಿಸಿದವರುಂಟು. ಅದು ಕಾವ್ಯದ ಮಾತು. ೧೮೬೧ರಲ್ಲಿ ಇಂಡಿಯಾದ ಜನರು ತಮ್ಮ ಹಣದಿಂದ ಆದ ಆಸ್ತಿಯ ಮೇಲೆ ಅಧಿಕಾರವಿಲ್ಲದವರಾಗಿದ್ದರು. ೨೦೧೬ರಲ್ಲಿ ಒಂದು ವರ್ತಕ ಮನೆತನವು ತನ್ನ ಹಣದಿಂದ ಗುತ್ತಿಗೆಯನ್ನು ಪಡೆಯಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯುಕ್ತವಲ್ಲ.

ಇದೇ ಕಾಲದಲ್ಲಿ ಪೋಲೀಸು ಇಲಾಖೆಯ ನ್ಯೂ ಸ್ಕಾಟ್ಲೆಂಡ್ ಯಾರ್ಡಿಗೆ ಬೇರೆಯ ಗತಿಯಾಯಿತು. ೧೯೬೭ರಿಂದ ಉಪಯೋಗದಲ್ಲಿದ್ದ ಆ ಎತ್ತರವಾದ ಕಟ್ಟಡವು ೨೦೧೪ರ ಡಿಸೆಂಬರಿನಲ್ಲಿ ೩೭ ಕೋಟಿ ಪೌಂಡುಗಳಿಗೆ ಅಬು ಧಾಬಿಯ ಒಂದು ಸಂಸ್ಥೆಗೆ ಮಾರಾಟವಾಗಿ, ಮುಂದೆ ನೆಲಸಮವಾಗಿ, ವಾಸದ ಗೃಹಗಳಿಗೆ ಎಡೆಮಾಡಿತು. ಪೋಲೀಸಿನವರು ನದಿಯ ದಡದಲ್ಲಿ ತಮಗಿದ್ದ ಇನ್ನೊಂದು ಕಟ್ಟಡಕ್ಕೆ ಹೆಸರನ್ನೂ ತಿರುಗುವ ನಾಮಫಲಕವನ್ನೂ ಕೊಂಡೊಯ್ದರು. ವಾರ್ ಆಫೀಸಿನ ಗುತ್ತಿಗೆಗಿಂತ ಹೆಚ್ಚು ಹಣಕ್ಕೆ ಹೋದರೂ ಮನೆಯು ಉಳಿಯಲಿಲ್ಲ. ಇದರಿಂದ ಬೆಲೆಗೂ ಉಳಿವಿಗೂ ಸಂಬಂಧವಿಲ್ಲವೆಂದು ಸಿದ್ಧವಾಗುತ್ತದೆ. ಒಂದು ರಕ್ಷಿತವಾದ ಪಟ್ಟಿಯಲ್ಲಿದ್ದಿತು, ಇನ್ನೊಂದು ಇರಲಿಲ್ಲ. ಒಂದರಲ್ಲಿ ನೆಲದ ಮೂಲಸ್ವಾಮ್ಯವು ಉಳಿಯಿತು, ಇನ್ನೊಂದರಲ್ಲಿ ಉಳಿಯಲಿಲ್ಲ.

ವಿಕ್ರಯವಿಲ್ಲದೆ ವಿನಿಯೋಗವನ್ನು ಬದಲಾಯಿಸಿದುದಕ್ಕೆ ಸಾಮರ್ಸೆಟ್ ಹೌಸನ್ನು ಹೆಸರಿಸಬಹುದು. ವಿಲಿಯಂ ಚೇಂಬರ್ಸನು ೧೭೭೬ರಲ್ಲಿ ಸರ್ಕಾರದ ಕಚೇರಿಗಳಿಗಾಗಿಯೇ ಕಟ್ಟತೊಡಗಿದ ಆ ಮನೆಯ ನಿರ್ವಹಣೆಯನ್ನು ೧೯೯೭ರಲ್ಲಿ ಏರ್ಪಟ್ಟ ಒಂದು ಧರ್ಮದರ್ಶಿ ಮಂಡಲಿಗೆ ವಹಿಸಿದರು. ಕಂದಾಯದ ಗುಮಾಸ್ತರು ತಮ್ಮ ವಾಹನಗಳನ್ನು ನಿಲ್ಲಿಸುತ್ತಿದ್ದ ನಡುವಣ ಅಂಗಳವು ಈಗ ಸರ್ವರಿಗೂ ತೆರೆದಿದೆ. ಬೊಕ್ಕಸಕ್ಕೆ ದೊಡ್ಡ ಮೊತ್ತವು ಬರಲಿಲ್ಲ. ಪ್ರಜೆಗಳಿಗೆ ಮೊದಲಿಲ್ಲದ ಪ್ರವೇಶವು ಬಂದಿತು.

೭

ಮೇಲ್ಕಂಡ ಉದಾಹರಣೆಗಳನ್ನು ಒಟ್ಟಿಗೆ ನೋಡಿದರೆ ಕೆಲವು ಅಂಶಗಳು ನಿರ್ಣೀತವಾಗುತ್ತವೆ. ಮೊದಲನೆಯದಾಗಿ, ಕಚೇರಿಯ ವಿಕ್ರಯಕ್ಕೆ ಕಾರಣವು ಮೂರು ಬಗೆಯಾದುದು: ಆಳುವ ಸಂಸ್ಥೆಯೇ ಅಳಿಯುವ ಕಾರಣ ಒಂದು, ಮನೆಯು ಬೇಡವಾಗುವ ಕಾರಣ ಇನ್ನೊಂದು, ಹಣವು ಬೇಕಾಗುವ ಕಾರಣ ಮತ್ತೊಂದು. ಮೊದಲನೆಯ ಕಾರಣದಿಂದಾದ ವಿಕ್ರಯಗಳಲ್ಲಿ ಮಾರುವವನು ಹಿಂದಿನ ಸಂಸ್ಥೆಯ ಉತ್ತರಾಧಿಕಾರಿಯಾಗಿರುತ್ತಾನೆಯೇ ಹೊರತು ಅದರ ಅಭಿಮಾನಿಯಾಗಿರುವುದಿಲ್ಲ. ಆದಕಾರಣ ಅಂತಹ ವಿಕ್ರಯಗಳಲ್ಲಿಯೇ ಎಚ್ಚರಿಕೆಯು ಹೆಚ್ಚಾಗಿ ಬೇಕಾಗುತ್ತದೆ. ಎರಡನೆಯದಾಗಿ, ಮನೆಯ ಉಳಿವನ್ನು ನಿರ್ಧರಿಸುವುದು ಕ್ರಯದ ಮೊತ್ತವಲ್ಲ. ವಿಕ್ರಯಕ್ಕೆ ಮುಂಚೆ ಅದರ ಮೇಲೆ ಇದ್ದ ಶಾಸನದ ರಕ್ಷಣೆ ಮತ್ತು ಕರಾರಿನ ಷರತ್ತುಗಳು. ಮೂರನೆಯದು, ವಿದ್ವಾಂಸರಿಗೆ ಮುಖ್ಯವಾದುದು: ಕಾಗದಪತ್ರಗಳ ಗತಿಯು ಮನೆಯ ಗತಿಯಿಂದ ಬೇರ್ಪಟ್ಟಿರಬೇಕು. ವಾರ್ ಆಫೀಸಿನ ದಫ್ತರಗಳು ಕಟ್ಟಡದ ವಿಕ್ರಯಕ್ಕೆ ಎಷ್ಟೋ ಮೊದಲೇ ಸಾರ್ವಜನಿಕ ದಾಖಲೆಗಳ ಭಂಡಾರಕ್ಕೆ ಸೇರಿ ಕ್ಯೂ ಎಂಬಲ್ಲಿ ಓದುಗರಿಗೆ ದೊರೆಯುತ್ತಿದ್ದವು. ಆದಕಾರಣ ಮನೆಯು ಹೋಟೆಲಾದರೂ ಚರಿತ್ರಕಾರನಿಗೆ ನಷ್ಟವಾಗಲಿಲ್ಲ. ಈಸ್ಟ್ ಇಂಡಿಯಾ ಹೌಸಿನಲ್ಲಾದರೋ ದಫ್ತರ, ಗ್ರಂಥ, ವಸ್ತುಗಳೆಲ್ಲವೂ ಮನೆಯನ್ನೇ ನೆಚ್ಚಿಕೊಂಡಿದ್ದುವು. ಮನೆಯು ಹೋಗುವ ಹೊತ್ತಿಗೆ ಒಂದು ಭಾಗವು ರದ್ದಿಯಾಯಿತು, ಒಂದು ಭಾಗವು ಚದುರಿತು, ಉಳಿದುದು ಊರೂರು ತಿರುಗಿತು.

ಈ ವಿಚಾರವು ಹಳೆಯ ಕಾಲಕ್ಕೆ ಮುಗಿದುದಲ್ಲ. ೨೦೨೫ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರವು ಲಂಡನ್ನಿನಲ್ಲಿರುವ ತನ್ನ ೧೧ ಕಚೇರಿಗಳನ್ನು ಮುಚ್ಚುವುದಾಗಿಯೂ, ಆ ನಗರದಲ್ಲಿನ ೧೨,೦೦೦ ಉದ್ಯೋಗಗಳನ್ನು ಕಡಿಮೆಮಾಡಿ ಸಹಸ್ರಾರು ಹುದ್ದೆಗಳನ್ನು ಬೇರೆ ಊರುಗಳಿಗೆ ಸಾಗಿಸುವುದಾಗಿಯೂ ಪ್ರಕಟಿಸಿತು. ರಾಜಧಾನಿಯ ಹೊರಗಿನ ಊರುಗಳಿಗೆ ಅದರಿಂದ ಲಾಭವಾಗಬಹುದು, ಖರ್ಚೂ ಇಳಿಯಬಹುದು. ಸರ್ಕಾರಗಳು ತಮಗೆ ಬೇಡವಾದ ಮನೆಗಳನ್ನು ಇಟ್ಟುಕೊಂಡೇ ಇರಬೇಕೆಂದು ಯಾರೂ ಹೇಳಲಾರರು. ಬೀಗದ ಕೈಯನ್ನು ಕೊಡುವುದಕ್ಕೆ ಮುಂಚೆ ಒಳಗಿರುವುದೆಲ್ಲಕ್ಕೂ ಪಟ್ಟಿಯಾಗಬೇಕು, ಬಂದ ಹಣವು ಯಾರ ಲೆಕ್ಕಕ್ಕೆ ಸೇರಿತೆಂಬುದು ಪ್ರಕಟವಾಗಬೇಕು, ನೆಲದ ಮೂಲಸ್ವಾಮ್ಯವು ಸಾಧ್ಯವಾದಮಟ್ಟಿಗೆ ಉಳಿಯಬೇಕು. ೧೮೬೧ರಲ್ಲಿ ಈ ಮೂರರಲ್ಲಿ ಮೊದಲನೆಯದೊಂದು ನಡೆದಿದ್ದರೂ, ಲೆಡನ್‌ಹಾಲ್ ಬೀದಿಯಿಂದ ರದ್ದಿಯಾಗಿ ಹೋದ ಕಟ್ಟುಗಳಲ್ಲಿ ಮೈಸೂರಿಗೆ ಸೇರಿದವು ಯಾವುವೆಂಬುದು ಇಂದು ತಿಳಿದಿರುತ್ತಿದ್ದಿತು.